ಕಾಡಿನ ದಾರಿ ಯಾರ ಖಾತೆಯಲ್ಲಿ?

ಕಣಕುಂಬಿ ಅಂದ ಕೂಡಲೇ ನಮ್ಮ ಕಡೆಯವರಿಗೆ ಎರಡು ವಿಷಯ ನೆನಪಾಗ್ತವೆ. ಒಂದು, ಮಲಪ್ರಭಾ ನದಿ ಹುಟ್ಟುವ ಜಾಗ. ಇನ್ನೊಂದು, ಟಿವಿಯಲ್ಲಿ ವರ್ಷವರ್ಷ ಬರುವ ಕಳಸಾ ನಾಲೆಯ ಜಗಳ. ಇವತ್ತು ಎರಡನ್ನೂ ಬಿಟ್ಟು ಅಲ್ಲಿನ ಕಾಲುದಾರಿಗಳ ಬಗ್ಗೆ ಮಾತಾಡೋಣ.

ಕಾರಣ ಹೇಳ್ತೀನಿ. ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಬೆಳಗಾವಿಯಿಂದ ಜಾಂಬೋಟಿ ಮೇಲೆ ಹಾದು ಕಣಕುಂಬಿಗೆ ಸೈಕಲ್ ತುಳಿದೆ. ಟಾರ್ ರಸ್ತೆ ಪಕ್ಕದಲ್ಲಿ ಕೆಂಪು ಮಣ್ಣಿನ ಒಂದು ಕಾಲುದಾರಿ ಕಾಡಿನೊಳಗೆ ಹೋಗ್ತಿತ್ತು. ಮೌಂಟನ್ ಬೈಕ್ ಇದ್ದವರಿಗೆ ಅಂಥ ದಾರಿ ಕಂಡರೆ ಕಾಲು ನಿಲ್ಲಲ್ಲ. ಅಲ್ಲೇ ಒಬ್ಬ ಹಿರಿಯರು ಕುಡುಗೋಲು ಹಿಡಿದು ಪೊದೆ ಸವರುತ್ತಿದ್ದರು. "ಕಾಕಾ, ಈ ದಾರಿ ಫಾರೆಸ್ಟ್‌ನವರದಾ?" ಅಂದೆ. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಹೇಳಿದರು: "ಕಾಡು ಅವರದು, ತಮ್ಮಾ. ಮಳಿ ಮುಗದ ಮ್ಯಾಲ ದಾರಿ ಬಿಡಿಸೋರು ನಾವು." ನಾನು ಸೈಕಲ್ ತಿರುಗಿಸಿ ವಾಪಸ್ ಬಂದೆ, ಆದರೆ ಆ ಮಾತು ತಲೆಯಲ್ಲೇ ಉಳಿಯಿತು.

ಈಗ ಸ್ವಲ್ಪ ದೂರ ಹೋಗೋಣ, ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಗೆ. 1976ರ ಅಕ್ಟೋಬರ್‌ನಲ್ಲಿ ಫೇರ್‌ಫ್ಯಾಕ್ಸ್ ಹತ್ತಿರದ ಬೆಟ್ಟದಲ್ಲಿ ಕೆಲವು ಹುಡುಗರು ಹಳೇ ದಪ್ಪ ಟೈರಿನ ಸೈಕಲ್‌ಗಳನ್ನು ಮಣ್ಣಿನ ಇಳಿಜಾರಿನಲ್ಲಿ ರೇಸ್ ಬಿಟ್ಟರು. ಕೆಳಗೆ ಬರುವಷ್ಟರಲ್ಲಿ ಬ್ರೇಕಿನ ಗ್ರೀಸ್ ಸುಟ್ಟು ಹೋಗ್ತಿತ್ತು, ಪ್ರತಿ ಸಲ ಮತ್ತೆ ತುಂಬಬೇಕಿತ್ತು. ಅದಕ್ಕೇ ಆ ರೇಸಿಗೆ 'ರೀಪ್ಯಾಕ್' ಅನ್ನೋ ಹೆಸರು ಬಂತು. ಮೌಂಟನ್ ಬೈಕಿಂಗ್ ಇತಿಹಾಸವನ್ನು ಸಾಮಾನ್ಯವಾಗಿ ಇಲ್ಲಿಂದಲೇ ಶುರು ಮಾಡ್ತಾರೆ.

ಹತ್ತು ವರ್ಷದೊಳಗೆ ಜಗಳವೂ ಶುರುವಾಯಿತು. ನಡೆಯುವವರು, ಕುದುರೆ ಸವಾರರು ದೂರು ಕೊಟ್ಟರು. ಕಿರಿದಾದ ದಾರಿಗಳು ಸೈಕಲ್‌ಗೆ ಬಂದ್ ಆದವು. 1984ರಲ್ಲಿ ಅಮೆರಿಕದ ಅರಣ್ಯ ಸೇವೆ, ಕಾಯ್ದೆಯಡಿ 'ವಿಲ್ಡರ್ನೆಸ್' ಎಂದು ಗುರುತಿಸಿದ ಕಾಡುಗಳಲ್ಲಿ ಸೈಕಲ್ ಓಡಿಸೋದನ್ನೇ ನಿಷೇಧಿಸಿತು. ಆಗ ಸವಾರರ ಮುಂದೆ ಎರಡು ಆಯ್ಕೆ ಇತ್ತು: ಕದ್ದು ಓಡಿಸೋದು, ಇಲ್ಲವೇ ಮೇಜಿನ ಎದುರು ಕೂತು ಮಾತಾಡೋದು. 1988ರಲ್ಲಿ ಕ್ಯಾಲಿಫೋರ್ನಿಯಾದ ಐದು ಕ್ಲಬ್‌ಗಳು ಸೇರಿ ಇಂಟರ್‌ನ್ಯಾಷನಲ್ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್, ಅಂದ್ರೆ ಇಂಬಾ, ಕಟ್ಟಿದವು.

ಇಂಬಾ ಮಾಡಿದ ಜಾಣತನ ಏನು ಗೊತ್ತಾ? 'ನಮಗೆ ಹಕ್ಕು ಕೊಡಿ' ಅನ್ನೋದರ ಜೊತೆಗೆ 'ಸಲಿಕೆ ನಾವು ಹಿಡೀತೀವಿ' ಅಂದರು. 1997ರಿಂದ ಅವರ ತಂಡಗಳು ಊರೂರು ತಿರುಗಿ, ಸ್ಥಳೀಯ ಸ್ವಯಂಸೇವಕರಿಗೂ ಸರ್ಕಾರಿ ಸಿಬ್ಬಂದಿಗೂ ದಾರಿ ಮಾಡೋದನ್ನ ಕಲಿಸಿದವು. ಅದರಲ್ಲಿ ಒಂದು ನಿಯಮ ನಮ್ಮ ಮಲೆನಾಡಿಗೆ ಚೆನ್ನಾಗಿ ಒಪ್ಪುತ್ತೆ: ದಾರಿಯ ಇಳಿಜಾರು, ಆ ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಜಾಸ್ತಿ ಇರಬಾರದು. ನೇರ ಕೆಳಗೆ ಇಳಿದರೆ ಮಳೆ ನೀರು ದಾರಿಯನ್ನೇ ಹಳ್ಳ ಮಾಡ್ಕೊಳ್ಳುತ್ತೆ. ಅಡ್ಡ ಹೋದರೆ ನೀರು ದಾರಿ ದಾಟಿ ಹೊರಗೆ ಹೋಗುತ್ತೆ.

ಸ್ಕಾಟ್‌ಲೆಂಡ್‌ನಲ್ಲಿ ಸರ್ಕಾರವೇ ಮುಂದೆ ಬಂತು. 2001ರಲ್ಲಿ ದನಕರುಗಳಿಗೆ ಕಾಲುಬಾಯಿ ಜ್ವರ ಬಂದು ದಕ್ಷಿಣದ ಹಳ್ಳಿಗಳ ಆದಾಯ ಕುಸಿದಾಗ, ಅಲ್ಲಿನ ಅರಣ್ಯ ಇಲಾಖೆ ತನ್ನದೇ ನೆಡುತೋಪುಗಳಲ್ಲಿ '7ಸ್ಟೇನ್ಸ್' ಎಂಬ ಏಳು ಸೈಕಲ್ ಕೇಂದ್ರ ತೆರೆಯಿತು.

ನಾನು ಬಿ.ಕಾಂ ಓದಿದವನು. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ಪಾಲುದಾರಿಕೆ ಅಂದ್ರೆ ಲಾಭ ಹಂಚಿಕೊಳ್ಳುವ ಒಪ್ಪಂದ. ಕಾಡಿನ ದಾರಿಯಲ್ಲಿ ಹಂಚಿಕೊಳ್ಳಬೇಕಾದ್ದು ಲಾಭಕ್ಕಿಂತ ಸವಕಳಿ. ಪ್ರತಿ ಮಳೆಗಾಲ ದಾರಿ ಸವೆಯುತ್ತೆ. ಆ ಖರ್ಚು ಯಾರ ಖಾತೆಗೆ ಬೀಳುತ್ತೋ ಅವರೇ ನಿಜವಾದ ಪಾಲುದಾರರು.

ಈ ಅಳತೆಯಲ್ಲಿ ಕರ್ನಾಟಕವನ್ನು ನೋಡೋಣ. 2021ರಲ್ಲಿ ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ ಟ್ರೀ ಪಾರ್ಕ್ ಮಾಡುವ ಪ್ರಸ್ತಾವ ಬಂತು. ಅಲ್ಲಿ ನಡೆಯುವವರು, ಓಡುವವರು, ಸೈಕಲ್ ತುಳಿಯುವವರು ವಿರೋಧಿಸಿದರು, ಯೋಜನೆ ನಿಂತಿತು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಇರುವೆಯಂತೆ ಸಾಲುಗಟ್ಟಿದ ಫೋಟೊ ನೀವೂ ನೋಡಿರ್ತೀರಿ. ಅದಾದ ಮೇಲೆ ಚಾರಣಕ್ಕೆ ನಿರ್ಬಂಧ ಬಂತು, ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಆನ್‌ಲೈನ್ ಬುಕಿಂಗ್ ಬಂತು. ಜನದಟ್ಟಣೆ ತಡೆಯೋಕೆ ಅದು ಬೇಕಾಗಿತ್ತು. ಆದರೆ ಟಿಕೆಟ್ ತಗೊಂಡವನು ಗಿರಾಕಿ, ಬೋರ್ಡ್ ಹಿಡಿದವನು ಪ್ರತಿಭಟನಾಕಾರ. ಸಲಿಕೆ ಹಿಡಿಯುವ ಪಾಲುದಾರನಿಗೆ ಈ ಎರಡೂ ಕಥೆಯಲ್ಲಿ ಜಾಗ ಇಲ್ಲ.

ಹಾಗಾದ್ರೆ ಕಣಕುಂಬಿಯಲ್ಲಿ ಒಂದು ಸೈಕಲ್ ಕ್ಲಬ್ಬು, ಅರಣ್ಯ ಇಲಾಖೆ ಸಹಿ ಹಾಕಿಬಿಟ್ಟರೆ ಆಯ್ತಾ? ಆಗಲ್ಲ. ಇಲ್ಲಿ ಮೂರನೆಯವರು ಇದ್ದಾರೆ, ಅವರೇ ಮೊದಲಿನವರು.

ಬೆಳಗಾವಿ ಬಾಂಬೆ ಪ್ರಾಂತ್ಯದಲ್ಲಿದ್ದ ಕಾಲದ 1927ರ ಅರಣ್ಯ ಕಾಯ್ದೆಯ 25ನೇ ಕಲಂ ನೋಡಿ. ಮೀಸಲು ಅರಣ್ಯದ ದಾರಿಯನ್ನು ಅಧಿಕಾರಿ ಸರ್ಕಾರದ ಒಪ್ಪಿಗೆ ಪಡೆದು ಮುಚ್ಚಬಹುದು, ಆದರೆ ಬದಲಿ ದಾರಿ ಇರಬೇಕು ಅಥವಾ ಮಾಡಿಕೊಡಬೇಕು. ಅಂದ್ರೆ ಬ್ರಿಟಿಷರ ಕಾನೂನಿಗೂ ಗೊತ್ತಿತ್ತು, ಕಾಡಿನ ದಾರಿಯಲ್ಲಿ ಜನ ಓಡಾಡ್ತಾರೆ ಅಂತ. 2011ರ ಡಿಸೆಂಬರ್‌ನಲ್ಲಿ ಖಾನಾಪುರ ತಾಲ್ಲೂಕಿನ 190 ಚದರ ಕಿಲೋಮೀಟರ್ ಕಾಡು ಭೀಮಗಡ ವನ್ಯಜೀವಿ ಅಭಯಾರಣ್ಯ ಆಯಿತು. ಅದಕ್ಕೆ ಗಟ್ಟಿ ಕಾರಣವೂ ಇತ್ತು: ಬಹಳ ಕಾಲ ಜಗತ್ತಿನಲ್ಲಿ ಬಾರಾಪೇಡೆ ಗುಹೆಯಲ್ಲಿ ಮಾತ್ರ ಇದೆ ಎಂದುಕೊಂಡಿದ್ದ ರಾಟನ್ಸ್ ಬಾವಲಿ ಇರೋದು ಅಲ್ಲೇ. ಅಭಯಾರಣ್ಯದೊಳಗೆ ಹೊರಗಿನವರು ಹೋಗಬೇಕಾದರೆ 1972ರ ಕಾಯ್ದೆಯಡಿ ಪರವಾನಗಿ ಬೇಕು. ಅದು ಸರಿಯೇ.

ಆದರೆ ಒಳಗೆ ಊರುಗಳಿವೆ: ಆಮಗಾಂವ್, ಗವಾಳಿ, ಕೊಂಗಳಾ, ತಳೇವಾಡಿ. 2024ರ ಜುಲೈನಲ್ಲಿ ಆಮಗಾಂವ್‌ನಿಂದ ಕಾಯಿಲೆ ಬಿದ್ದ ಮಹಿಳೆಯೊಬ್ಬರನ್ನು ಊರವರು ಹೆಗಲ ಮೇಲೆ ಹೊತ್ತು, ಮಳೆಯಲ್ಲಿ ಕಿಲೋಮೀಟರ್‌ಗಟ್ಟಲೆ ನಡೆದು ತಂದರು. ನಾವು 'ಟ್ರೇಲ್' ಅಂತ ಖುಷಿಯಿಂದ ಕರೆಯೋದು ಅವರಿಗೆ ಆಸ್ಪತ್ರೆ ದಾರಿ. 2006ರ ಅರಣ್ಯ ಹಕ್ಕು ಕಾಯ್ದೆ ಇಂಥ ಊರುಗಳ ರಸ್ತೆಗೆ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಜಾಗ ಕೊಡಲು ಅವಕಾಶ ಇಟ್ಟಿದೆ, ಗ್ರಾಮಸಭೆ ಶಿಫಾರಸು ಮಾಡಬೇಕು. ಇನ್ನೊಂದು ಕಡೆ 2025ರ ಮೇ ತಿಂಗಳಲ್ಲಿ ತಳೇವಾಡಿಯ 27 ಕುಟುಂಬಗಳಿಗೆ ಊರು ಬಿಡಲು ಪರಿಹಾರದ ಮೊದಲ ಕಂತು ಸಿಕ್ಕಿತು.

ಇಲ್ಲಿ ನನಗೆ ಕಸಿವಿಸಿ ಆಗೋದು. ಊರು ಹೋದರೆ ದಾರಿ ಸವರುವ ಕುಡುಗೋಲೂ ಹೋಗುತ್ತೆ. ನಾಳೆ ಅದೇ ದಾರಿಯನ್ನು ಕಾಸು ಕೊಟ್ಟವರಿಗೆ 'ಅಡ್ವೆಂಚರ್ ಟ್ರೇಲ್' ಅಂತ ತೆರೆದರೆ, ಲೆಕ್ಕದ ಪುಸ್ತಕದಲ್ಲಿ ಹಳೇ ಬಾಕಿ ತೋರಿಸದೇ ಹೊಸ ಖಾತೆ ತೆರೆದಂತೆ.

ದಾರಿ ಇದೆ. 1993ರ ಸರ್ಕಾರಿ ಆದೇಶದಿಂದ ಜಂಟಿ ಅರಣ್ಯ ಯೋಜನೆಗೆ ಗ್ರಾಮ ಅರಣ್ಯ ಸಮಿತಿಗಳು ಬಂದಿವೆ. ಕ್ಲಬ್ಬಿನವರು ಮೊದಲು ಹೋಗಿ ಕೂರಬೇಕಾದ್ದು ಅಭಯಾರಣ್ಯದ ಹೊರಗಿನ ಊರಿನ ಅಂಥ ಸಮಿತಿ ಮುಂದೆ. ಮಳೆಗಾಲದಲ್ಲಿ ಬಂದ್, ಬಾವಲಿ ಗುಹೆ ಕಡೆಗೆ ಯಾವತ್ತೂ ಇಲ್ಲ, ವರ್ಷಕ್ಕೆ ಇಷ್ಟು ದಿನ ಶ್ರಮದಾನ, ಊರಿನವರ ಓಡಾಟಕ್ಕೆ ಮೊದಲ ಹಕ್ಕು. ಇದನ್ನು ಬರೆದು ಮೂರು ಸಹಿ ಹಾಕಿಸಿ, ಆಮೇಲೆ ಸೈಕಲ್ ತೆಗೆಯಿರಿ.

ನಾನು ಮುಂದಿನ ಸಲ ಕಣಕುಂಬಿಗೆ ಹೋಗುವಾಗ ಸೈಕಲ್ ಬಿಟ್ಟು ಬಸ್ಸಿಗೆ ಹೋಗ್ತೀನಿ, ಕುಡುಗೋಲು ಹಿಡಿಯೋದನ್ನ ಆ ಕಾಕಾರಿಂದ ಕಲಿಯೋಕೆ.