ಹಳದಿ ತಲೆ, ಹಸಿರು ತಲೆ

ಮೈಲಿಗಲ್ಲಿನ ಮೇಲೆ ‘ಮಾನ್ವಿ’ ಬರೆಯುವುದು ಸುಲಭವಲ್ಲ. ‘ನಿ’ಯ ಕೆಳಗೆ ವ ಒತ್ತು ಇಳಿಯಬೇಕು, ಅದರ ಕೆಳಗೆ ಕಿಲೋಮೀಟರಿನ ಅಂಕಿಗೂ ಜಾಗ ಉಳಿಯಬೇಕು. ‘ಮಾನವಿ’ ಎಂದು ಬರೆದರೆ ಕುಂಚ ಸರಾಗ ಓಡುತ್ತದೆ. ನಾನು ಬರೆದ ಕಲ್ಲುಗಳಲ್ಲಿ ಎರಡೂ ಇವೆ. ಯಾವ ಊರಿನವರೂ ಬಂದು ಜಗಳ ತೆಗೆದಿಲ್ಲ. ದೇವದುರ್ಗದ್ದು ಈ ತಂಟೆಯಿಲ್ಲ, ಅರ್ಕಾವತ್ತು ಪಕ್ಕಕ್ಕೆ ಕೂತುಬಿಡುತ್ತದೆ.

ರಾಯಚೂರಿನ ತೀನ್ ಕಂದೀಲ್ ಹತ್ತಿರ ನನ್ನ ಉಸ್ತಾದರ ಅಂಗಡಿ ಇತ್ತು. ಮೊದಲ ದಿನ ಅವರು ಕಲಿಸಿದ್ದು ಅಕ್ಷರವಲ್ಲ, ಬಣ್ಣ. ‘ಬೇಟಾ, ಹಳದಿ ತಲೆ ದಿಲ್ಲೀದು, ಹಸಿರು ತಲೆ ಬೆಂಗಳೂರಂದು. ಅದಲು ಬದಲು ಮಾಡಿದ್ರ ಬಿಲ್ ಪಾಸ್ ಆಗಂಗಿಲ್ಲ.’ ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ ಎಂಬ ಪಾಠ ಅಷ್ಟರಲ್ಲೇ ಮುಗಿದಿತ್ತು. ಗ್ರಾಮ ಸಡಕ್ ಯೋಜನೆಯ ಕಿತ್ತಳೆ ತಲೆ ಬಂದದ್ದು 2000ದ ಮೇಲೆ.

ರಾಯಚೂರಿಂದ ಪಶ್ಚಿಮಕ್ಕೆ ಹೊರಟರೆ ಕಲ್ಮಲಾ. ಗಬ್ಬೂರಿನ ಮೇಲೆ ದೇವದುರ್ಗಕ್ಕೆ ಹೋಗುವ ದಾರಿಯೂ, ಮಾನ್ವಿ, ಸಿಂಧನೂರಿಗೆ ಹೋಗುವ ದಾರಿಯೂ ಕವಲೊಡೆಯುವುದು ಅಲ್ಲೇ. ರಾಜ್ಯ ಹೆದ್ದಾರಿ 23ರ ಸರ್ಕಾರಿ ಹೆಸರೇ ಕಲ್ಮಲಾ–ಶಿಗ್ಗಾಂವಿ. ಜಿಲ್ಲಾ ಕೇಂದ್ರವನ್ನು ಬಿಟ್ಟು ಹಳ್ಳಿಯಿಂದ ಹೆದ್ದಾರಿ ಎಣಿಸಿದ ಆ ಗುಮಾಸ್ತನ ಮೇಲೆ ನನಗೆ ಪ್ರೀತಿ. ರಾಷ್ಟ್ರೀಯ ಹೆದ್ದಾರಿಗಳ ಹೊಸ ನಂಬರು ಪದ್ಧತಿಯಲ್ಲಿ ಮಂತ್ರಾಲಯದಿಂದ ರಾಯಚೂರಿನ ಮೇಲೆ ಮಹಬೂಬ್‌ನಗರಕ್ಕೆ ಹೋಗುವ ದಾರಿಗೆ 167 ಬಂತು. ಮೂರಂಕಿ ಎಂದರೆ ಕವಲು. ತಾಯಿಬೇರು 67 ಬಳ್ಳಾರಿಯ ಮೇಲೆ ಹಾದುಹೋಗುತ್ತದೆ. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ನೆಲಕ್ಕಾಗಿ ಬಹಮನಿಯವರೂ ವಿಜಯನಗರದವರೂ ತಲೆಮಾರುಗಟ್ಟಲೆ ಬಡಿದಾಡಿದರು, 1520ರಲ್ಲಿ ಕೃಷ್ಣದೇವರಾಯ ಖುದ್ದು ದಂಡು ತಂದ. ಈಗ ನಮ್ಮ ಪಾಲಿಗೆ ಕವಲು ನಂಬರು.

ನಮ್ಮ ಕಸುಬಿನ ಮೂಲಪುರುಷ ಯಾರೆಂದು ಕೇಳಿದರೆ ನಾನು ರಾಯಚೂರಿನ ಕೋಟೆಗೆ ಕರೆದೊಯ್ಯುತ್ತೇನೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದ ಗೋಡೆಯಲ್ಲಿ ನಲವತ್ತೊಂದು ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ ತೆಲುಗು ಶಾಸನ. ವಿದ್ವಾಂಸರು ಶಾಸನ ಓದುತ್ತಾರೆ, ನಾನು ಅಲ್ಲಿರುವ ಗೆರೆಚಿತ್ರ ನೋಡುತ್ತೇನೆ: ಅದೇ ಕಲ್ಲನ್ನು ಬಂಡಿಗೆ ಹೇರಿ ಸಾಲು ಸಾಲು ಕೋಣಗಳು ಎಳೆಯುತ್ತಿವೆ, ಆಳುಗಳು ಮೀಟುತ್ತಿದ್ದಾರೆ. ರಾಜನಿಲ್ಲ, ದೇವರಿಲ್ಲ. ಬರೀ ಭಾರ ಮತ್ತು ದಾರಿ. ಗೆರೆ ಒರಟು, ಆದರೆ ಕೋಣದ ಕತ್ತಿನ ಬಾಗು ನೋಡಿದರೆ ಕೆತ್ತಿದವನು ಆ ದಾರಿಯಲ್ಲಿ ನಡೆದಿದ್ದ ಅನಿಸುತ್ತದೆ.

ಅಕ್ಷರದ ಮಾತು ಬೇರೆ. ಅದು ಬರೆಸುವವನ ನಾಲಿಗೆಯಂತೆ ತಿರುಗುತ್ತದೆ. 1853ರಲ್ಲಿ ನಿಜಾಮರು ಎರಡು ಹೊಳೆಗಳ ನಡುವಿನ ಈ ದೋಆಬನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟು 1860ರಲ್ಲಿ ವಾಪಸು ಪಡೆದರು. ಇಂಗ್ಲಿಷರ ಗೆಜೆಟಿಯರಿನಲ್ಲಿ ನಮ್ಮ ದೇವದುರ್ಗ ‘ದೇವ್‌ದ್ರುಗ್’ ಆಗಿದೆ. ದೇವಸೂಗೂರು ಇಂದಿಗೂ ಇಂಗ್ಲಿಷಿನಲ್ಲಿ ‘ದೇವ್‌ಸೂಗೂರ್’. ನಿಜಾಮರ ರೈಲ್ವೆ 1932ರಲ್ಲಿ 27 ಬಸ್ಸುಗಳೊಂದಿಗೆ ಸಾರಿಗೆ ಶುರು ಮಾಡಿತು. ನಮ್ಮಜ್ಜಿಗೆ ಕೊನೆತನಕ ಬಸ್ಸು ‘ಮೋಟಾರು’, ರಸ್ತೆ ‘ಸಡಕು’, ಊರು ಮಾತ್ರ ದ್ಯಾವದುರ್ಗ. ಯಾವ ಬೋರ್ಡೂ ಹಾಗೆ ಬರೆದಿಲ್ಲ. ನಾನೂ ಬರೆದಿಲ್ಲ, ಬರೆಯಬಹುದಿತ್ತು.

ಈಗ ಕತ್ತರಿಸಿದ ಅಕ್ಷರ ಅಂಟಿಸಿದ ಹೊಳೆಯುವ ಹಸಿರು ಫಲಕಗಳು. ರಾತ್ರಿ ಲಾರಿಯ ದೀಪಕ್ಕೆ ಚೆನ್ನಾಗಿ ಕಾಣುತ್ತವೆ, ಅದನ್ನು ಒಪ್ಪಲೇಬೇಕು. ನನ್ನ ಬಳಿಗೆ ಬರುವುದು ಮದುವೆ ಮನೆ, ಟ್ರ್ಯಾಕ್ಟರ್ ಟ್ರಾಲಿ ಅಷ್ಟೆ.

2019ರ ಆಗಸ್ಟಿನಲ್ಲಿ ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ದೇವದುರ್ಗ ತಾಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿತು. ಸೇತುವೆಯಾಚೆಯ ಶಹಾಪುರಕ್ಕೆ ಇಷ್ಟು ಕಿಲೋಮೀಟರ್ ಎಂದು ಕಲ್ಲು ಹೇಳುತ್ತಲೇ ಇತ್ತು. ಹುಡುಗರು ಇಬ್ಬರು ಬೈಕಿನಲ್ಲಿ ಬಂದು, ‘ಕಾಕಾ, ಲಗೂನ ಒಂದು ಬೋರ್ಡ್ ಬರದು ಕೊಡ್ರಿ’ ಎಂದರು. ಅಂಗಡಿಯ ಹಿಂದೆ ಬಿದ್ದಿದ್ದ ಹಳೇ ತಗಡು ತೆಗೆದು ‘ಸೇತುವೆ ಬಂದ್’ ಎಂದು ಬರೆದೆ. ಬಣ್ಣ ಆರುವ ಮೊದಲೇ ಒಯ್ದರು. ತಗಡಿನ ಇನ್ನೊಂದು ಮಗ್ಗುಲಲ್ಲಿ ನನ್ನದೇ ಕೈಬರಹವಿತ್ತು: ‘ಗುಲ್ಬರ್ಗಾ’. 2014ರಲ್ಲಿ ಊರು ಕಲಬುರಗಿಯಾದಾಗ ಕಿತ್ತು ತಂದಿಟ್ಟಿದ್ದ ತಗಡು ಅದು.