ಬೆಟ್ಟವೆಂದರೆ ಎಷ್ಟು ಎತ್ತರ?

ನಿಮ್ಮ ಊರಿನ ಸಮೀಪದ ಗುಡ್ಡದ ಎತ್ತರವೆಷ್ಟು? ಭೂಪಟ ನೋಡಿ ನೀವು ಒಂದು ಸಂಖ್ಯೆಯನ್ನು ಹೇಳಬಹುದು. ಅದು ಸಮುದ್ರಮಟ್ಟದಿಂದ ಅಳೆದ ಎತ್ತರ. ಬೆಂಗಳೂರಿನ ಆಟದ ಮೈದಾನವೂ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅದನ್ನು ಯಾರೂ ಬೆಟ್ಟವೆನ್ನುವುದಿಲ್ಲ. ಬೆಟ್ಟವನ್ನು ಗುರುತಿಸಲು ಸುತ್ತಲಿನ ನೆಲದಿಂದ ಅದೆಷ್ಟು ಮೇಲೆದ್ದಿದೆ ಎಂಬುದು ತಿಳಿಯಬೇಕು. ಇದನ್ನು ಸಾಪೇಕ್ಷ ಎತ್ತರ ಎನ್ನೋಣ. ನೋಡಲು ಸರಳವಾದ ಈ ಪರಿಮಾಣವು 2025ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಚರ್ಚೆಯ ವಸ್ತುವಾಯಿತು. ಅದರ ಹಿನ್ನೆಲೆಯನ್ನು ತಿಳಿಯಲು ಎತ್ತರದ ಅಳತೆಯ ಇತಿಹಾಸದತ್ತ ಒಮ್ಮೆ ನೋಡಬೇಕು.

1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಒಂದು ಆಧಾರ ರೇಖೆಯನ್ನು ಅಳೆದ. 1802ರಲ್ಲಿ ಮದರಾಸಿನಲ್ಲಿ ಮತ್ತೊಂದನ್ನು ಅಳೆದು ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಗೆ ತೊಡಗಿದ. ತತ್ತ್ವ ನಿಮಗೆ ತಿಳಿದದ್ದೇ: ತ್ರಿಭುಜದ ಒಂದು ಬಾಹು ಮತ್ತು ಎರಡು ಕೋನಗಳು ಗೊತ್ತಾದರೆ ಉಳಿದ ಬಾಹುಗಳನ್ನು ಲೆಕ್ಕ ಹಾಕಬಹುದು. ದೂರ ತಿಳಿದ ಮೇಲೆ ಶಿಖರದ ಉನ್ನತ ಕೋನದಿಂದ ಎತ್ತರ ಸಿಗುತ್ತದೆ. ಗಾಳಿಯಲ್ಲಾಗುವ ಬೆಳಕಿನ ವಕ್ರೀಭವನಕ್ಕೂ ಭೂಮಿಯ ವಕ್ರತೆಗೂ ತಿದ್ದುಪಡಿ ಮಾಡಬೇಕು. ಹೀಗೆ 1856ರಲ್ಲಿ ಪ್ರಕಟವಾದ ಎವರೆಸ್ಟ್ ಶಿಖರದ ಎತ್ತರ 29,002 ಅಡಿ, ಅಂದರೆ ಸುಮಾರು 8,840 ಮೀಟರ್. 2020ರಲ್ಲಿ ನೇಪಾಳ ಮತ್ತು ಚೀನಾ ಘೋಷಿಸಿದ್ದು 8,848.86 ಮೀಟರ್. ವ್ಯತ್ಯಾಸ ಕೇವಲ 9 ಮೀಟರ್!

ಆದರೆ ಸಾವಿರಾರು ಸಣ್ಣ ಗುಡ್ಡಗಳನ್ನು ಒಂದೊಂದಾಗಿ ಥಿಯೊಡೊಲೈಟಿನಿಂದ ಅಳೆಯುವುದು ಕಷ್ಟ. ದೂರ ಸಂವೇದನೆ ಈ ಅಡಚಣೆಯನ್ನು ನಿವಾರಿಸಿತು. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯು 60 ಮೀಟರ್ ಉದ್ದದ ತೋಳಿನ ಎರಡು ತುದಿಗಳಲ್ಲಿ ರೇಡಾರ್ ಆಂಟೆನಾಗಳನ್ನು ಹೊತ್ತು ಭೂಮಿಯನ್ನು ಸುತ್ತಿತು. ನೆಲದ ಒಂದೇ ಬಿಂದುವಿನಿಂದ ಮರಳಿದ ಅಲೆಗಳು ಎರಡೂ ಆಂಟೆನಾಗಳನ್ನು ತಲುಪುವಾಗ ಉಂಟಾಗುವ ಪ್ರಾವಸ್ಥಾ ವ್ಯತ್ಯಾಸದಿಂದ ಆ ಬಿಂದುವಿನ ಎತ್ತರ ಲಭಿಸುತ್ತದೆ. 2005ರಲ್ಲಿ ಇಸ್ರೋ ಹಾರಿಸಿದ ಕಾರ್ಟೊಸ್ಯಾಟ್-1 ಬೇರೆ ದಾರಿ ಹಿಡಿಯಿತು. ಮುಂದಕ್ಕೂ ಹಿಂದಕ್ಕೂ ಓರೆಯಾಗಿ ನೋಡುವ ಎರಡು ಕ್ಯಾಮೆರಾಗಳು ಅದರಲ್ಲಿದ್ದವು. ನಮ್ಮ ಎರಡು ಕಣ್ಣುಗಳು ಆಳವನ್ನು ಗ್ರಹಿಸುವಂತೆಯೇ ಅವು ಎತ್ತರವನ್ನು ಗ್ರಹಿಸಿದವು.

ಈಗ ಅರಾವಳಿಗೆ ಬರೋಣ. ದೆಹಲಿಯಿಂದ ಗುಜರಾತಿನವರೆಗೆ ಚಾಚಿರುವ, ಜಗತ್ತಿನ ಅತಿ ಹಳೆಯ ಪರ್ವತಶ್ರೇಣಿಗಳಲ್ಲಿ ಒಂದಾದ ಇದು ಬಹಳ ಸವೆದಿದೆ. ಗುರುಶಿಖರ 1,722 ಮೀಟರ್ ಎತ್ತರವಿದ್ದರೂ ಶ್ರೇಣಿಯ ಬಹುಭಾಗ ತಗ್ಗಾದ ಗುಡ್ಡಗಳೇ. 2010ರಲ್ಲಿ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯು ರಾಜಸ್ಥಾನದ ಅರಾವಳಿಯನ್ನು ಗುರುತಿಸಲು 3 ಡಿಗ್ರಿಗಿಂತ ಹೆಚ್ಚಿನ ಇಳಿಜಾರನ್ನು ಮುಖ್ಯ ಮಾನದಂಡವಾಗಿ ಬಳಸಿತು. ನೂರು ಮೀಟರ್ ಮುಂದೆ ಸಾಗಿದರೆ ಸುಮಾರು 5 ಮೀಟರ್ ಏರು ಎಂದರ್ಥ. 2018ರಲ್ಲಿ, ಪರಿಶೀಲಿಸಿದ 128 ಬೆಟ್ಟಗಳ ಪೈಕಿ 31 ಕಣ್ಮರೆಯಾಗಿವೆ ಎಂಬ ವರದಿ ಸುಪ್ರೀಂ ಕೋರ್ಟಿನ ಮುಂದೆ ಬಂತು.

2025ರ ನವೆಂಬರ್ 20ರಂದು ಗಣಿಗಾರಿಕೆಯ ನಿಯಂತ್ರಣಕ್ಕಾಗಿ ನ್ಯಾಯಾಲಯವು ಬೇರೊಂದು ವ್ಯಾಖ್ಯೆಯನ್ನು ಒಪ್ಪಿತು: ಸುತ್ತಲಿನ ನೆಲದಿಂದ 100 ಮೀಟರ್ ಅಥವಾ ಹೆಚ್ಚು ಎತ್ತರವಿದ್ದರೆ ಅರಾವಳಿ ಬೆಟ್ಟ, ಅಂಥ ಎರಡು ಬೆಟ್ಟಗಳು 500 ಮೀಟರ್ ಒಳಗಿದ್ದರೆ ಶ್ರೇಣಿ. ರಾಜಸ್ಥಾನದ 15 ಜಿಲ್ಲೆಗಳಲ್ಲಿ 20 ಮೀಟರ್ ಮೀರಿದ 12,081 ಬೆಟ್ಟಗಳಿದ್ದು, 1,048 ಮಾತ್ರ 100 ಮೀಟರ್ ಮುಟ್ಟುತ್ತವೆ ಎಂದು ಪತ್ರಿಕೆಗಳು ವರದಿ ಮಾಡಿದವು. ಇದು ಶೇಕಡಾ 9ಕ್ಕೂ ಕಡಿಮೆ. ಬೆಟ್ಟಗಳ ನಡುವಿನ ಪ್ರದೇಶವೂ ಸೇರುವುದರಿಂದ ರಕ್ಷಣೆ ಕುಗ್ಗದು ಎಂದು ಸರ್ಕಾರ ವಾದಿಸಿತು. ಡಿಸೆಂಬರ್ 29ರಂದು ನ್ಯಾಯಾಲಯವು ತನ್ನ ಆದೇಶವನ್ನು ತಾನೇ ತಡೆಹಿಡಿಯಿತು.

ಭೌತವಿಜ್ಞಾನದ ವಿದ್ಯಾರ್ಥಿಗಳಾಗಿ ನಾವು ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು ಅಳತೆಯ ದೋಷ. 30 ಡಿಗ್ರಿ ಇಳಿಜಾರಿನ ಶಂಕುವಿನಾಕಾರದ ಒಂದು ಬೆಟ್ಟವನ್ನು ಊಹಿಸಿಕೊಳ್ಳಿ. ಉಪಗ್ರಹದ ದತ್ತಾಂಶದಲ್ಲಿ ಅದರ ತುದಿ 30 ಮೀಟರ್ ಬಾಹುವಿನ ಒಂದು ಚೌಕದ ನಡುವೆ ಬಿದ್ದು, ಚೌಕದ ಸರಾಸರಿ ಎತ್ತರವಷ್ಟೇ ದಾಖಲಾಯಿತೆನ್ನಿ. ಆ ಸರಾಸರಿಯು ನಿಜವಾದ ತುದಿಗಿಂತ 6ರಿಂದ 7 ಮೀಟರ್ ಕಡಿಮೆ. 104 ಮೀಟರಿನ ಬೆಟ್ಟ 98 ಮೀಟರಿನದಾಗುತ್ತದೆ! ಅತ್ತ ರೇಡಾರ್ ಅಲೆಗಳು ದಟ್ಟ ಕಾಡಿನ ನೆತ್ತಿಯಿಂದ ಮರಳಿದರೆ ಮರಗಳ ಎತ್ತರವೂ ಸೇರಿಕೊಳ್ಳುತ್ತದೆ.

ಎರಡನೆಯದು ಬುಡದ ಪ್ರಶ್ನೆ. ಬೆಟ್ಟದ ತುದಿ 520 ಮೀಟರಿನಲ್ಲಿದೆ ಎನ್ನಿ. ಒಂದು ಬದಿಯ ಬಯಲು 400 ಮೀಟರಿನಲ್ಲಿದೆ, ಇನ್ನೊಂದು ಬದಿಯದು 430ರಲ್ಲಿ. ಒಂದು ಕಡೆಯಿಂದ ಅದು 120 ಮೀಟರ್, ಮತ್ತೊಂದು ಕಡೆಯಿಂದ 90. ಬೆಟ್ಟವನ್ನು ಪೂರ್ಣವಾಗಿ ಸುತ್ತುವರಿಯುವ ಅತಿ ಕೆಳಗಿನ ಸಮೋನ್ನತಿ ರೇಖೆಯೇ ಬುಡವೆಂದು ವ್ಯಾಖ್ಯೆ ಹೇಳಿತ್ತು. ಈ ಉದಾಹರಣೆಯಲ್ಲಿ 400 ಮೀಟರಿನ ರೇಖೆ ಬೆಟ್ಟವನ್ನು ಸುತ್ತುವರಿಯಲಾರದು. ಎತ್ತರದ ಬಯಲಿಗೆ ಆನಿಕೊಂಡಿರುವ ಬೆಟ್ಟ ಹೀಗೆ ಲೆಕ್ಕದಲ್ಲಿ ಕುಳ್ಳಾಗುತ್ತದೆ.

ಉಪಗ್ರಹ ಎತ್ತರವನ್ನು ತಿಳಿಸಬಲ್ಲದು. ಗೆರೆಯನ್ನು 100ರಲ್ಲಿ ಎಳೆಯಬೇಕೋ 20ರಲ್ಲೋ ಎಂಬುದನ್ನು ನಾವೇ ನಿರ್ಧರಿಸಬೇಕು. ಮಳೆನೀರನ್ನು ಇಂಗಿಸುವ ಕೆಲಸವನ್ನು 40 ಮೀಟರಿನ ಗುಡ್ಡವೂ ಮಾಡುತ್ತದೆ. ಅಧ್ಯಾಪಕರು ತರಗತಿಯಲ್ಲಿ 20 ಮೀಟರ್ ಅಂತರದ ಸಮೋನ್ನತಿ ರೇಖೆಗಳಿರುವ ಒಂದು ಭೂಪಟವನ್ನು ಹರಡಿ, ನಿಮ್ಮ ತಾಲ್ಲೂಕಿನ ಗುಡ್ಡಗಳನ್ನು ಎರಡೂ ಮಾನದಂಡಗಳಿಂದ ವಿದ್ಯಾರ್ಥಿಗಳಿಂದ ಎಣಿಸಿ ನೋಡಲಿ. ಎಷ್ಟು ಉಳಿಯುತ್ತವೆ?