ಕಪ್ಪತ್ತಗುಡ್ಡದ ಕಲ್ಲನ್ನು ಓದಿದ ವಿಜ್ಞಾನಿ

ಗದಗಿನಿಂದ ಡಂಬಳದ ಮೇಲೆ ಮುಂಡರಗಿಗೆ ಹೋಗುವವರ ಬಲಮಗ್ಗುಲಿಗೆ ಒಂದು ಬೆಟ್ಟದ ಸಾಲು ಬಹುದೂರ ಜೊತೆಯಾಗಿ ಬರುತ್ತದೆ. ಶಿರಹಟ್ಟಿಯ ಕಡೆಯವರಿಗೆ ಅದು ಮೂಡಲ ದಿಕ್ಕಿನ ಬೆಟ್ಟ. ಗದಗಿನ ಸಮೀಪದಲ್ಲಿ ತಲೆಯೆತ್ತಿ ತುಂಗಭದ್ರೆಯ ದಡದ ತನಕ ಸಾಗುವ ಈ ಸಾಲೇ ಕಪ್ಪತ್ತಗುಡ್ಡ. ಕಪ್ಪತ್ತ ಮಲ್ಲಯ್ಯನ ನೆಲೆಯೆಂದು ಭಕ್ತರೂ, ಔಷಧಿ ಸಸ್ಯಗಳ ಆಗರವೆಂದು ವೈದ್ಯರೂ ಇದನ್ನು ಬಲ್ಲರು. ಭೂವಿಜ್ಞಾನದ ಚರಿತ್ರೆಯಲ್ಲಿಯೂ ಇದಕ್ಕೊಂದು ಸ್ಥಾನವುಂಟೆಂಬುದು ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಕಲ್ಲು, ಲೋಹ, ಗಾಜು ಮೊದಲಾದ ಪದಾರ್ಥಗಳ ಒಳಗುಣವನ್ನು ಶೋಧಿಸುವವರನ್ನು ನಾವಿಂದು ವಸ್ತುವಿಜ್ಞಾನಿಗಳೆಂದು ಕರೆಯುತ್ತೇವೆ. ಹೆಸರು ಹೊಸದು; ಶೋಧನೆ ಹಳೆಯದು. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಜಿನಾಲಯವನ್ನು ಕಟ್ಟಿಸಿದ ಕಾಲದ ಶಿಲ್ಪಿಗಳಿಗೆ ಈ ವಿದ್ಯೆ ಕರಗತವಾಗಿತ್ತು. ಬಾದಾಮಿ, ಪಟ್ಟದಕಲ್ಲುಗಳ ಮರಳುಕಲ್ಲನ್ನು ಕೈಬಿಟ್ಟು, ಸೀಮೆಯ ನುಣುಪಾದ ಹಸಿರು ಛಾಯೆಯ ಬಳಪದ ಕಲ್ಲನ್ನು ಅವರ ಪರಂಪರೆ ಆರಿಸಿಕೊಂಡಿತು. ಉಳಿಯ ಮೊನೆಗೆ ಸುಲಭವಾಗಿ ಒಳಗಾಗುವ ಕಲ್ಲಾದುದರಿಂದಲೇ ಕಲ್ಯಾಣ ಚಾಲುಕ್ಯರ ಕುಸುರಿ ಕೆಲಸ ಸಾಧ್ಯವಾಯಿತು.

ಇನ್ನೊಂದು ಬಗೆಯ ಬಲ್ಲವರೆಂದರೆ ಜಲಗಾರರು. ಮಳೆಗಾಲ ಕಳೆದ ಮೇಲೆ ಗುಡ್ಡದಿಂದಿಳಿಯುವ ಹಳ್ಳಗಳ ಮರಳನ್ನು ಮರದ ಪಾತ್ರೆಗಳಲ್ಲಿ ತುಂಬಿ, ನೀರಿನಲ್ಲಿ ತೊಳೆದು, ಬಂಗಾರದ ಕಣಗಳನ್ನು ಬೇರ್ಪಡಿಸುತ್ತಿದ್ದವರು ಅವರು. ಬಿಳಿಗಲ್ಲಿನ ಪುಡಿ ನೀರಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಚಿನ್ನವಾದರೋ ಹತ್ತೊಂಬತ್ತು ಪಟ್ಟು. ಹಗುರವಾದುದು ನೀರಿನೊಡನೆ ಹೊರಟುಹೋಗುತ್ತದೆ, ಭಾರವಾದುದು ತಳದಲ್ಲಿ ನಿಲ್ಲುತ್ತದೆ. ಈ ತತ್ತ್ವವನ್ನು ಅವರು ಗ್ರಂಥದಿಂದ ಕಲಿಯಲಿಲ್ಲ. ಯಾವ ಹಳ್ಳದಲ್ಲಿ ಕಣ ಸಿಕ್ಕೀತು, ಯಾವುದರಲ್ಲಿ ಸಿಗದು ಎಂಬುದನ್ನು ತಲೆಮಾರುಗಳ ಅನುಭವ ಅವರಿಗೆ ಹೇಳಿಕೊಟ್ಟಿತ್ತು.

ಇಂಥ ಗುಡ್ಡಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು. ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ 1834ರಲ್ಲಿ ಜನಿಸಿದ ಅವರು 1858ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿಗೆ, ಭಾರತದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯನ್ನು ಸೇರಿದರು. 1863ರ ಮೇ 30ರಂದು ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ ಅವರು ಹೆಕ್ಕಿದ ಒಂದು ಕಲ್ಲಿನ ಆಯುಧ, ಹಳೆಯ ಶಿಲಾಯುಗದ ಮಾನವನು ಭಾರತದಲ್ಲಿಯೂ ಬಾಳಿದ್ದನೆಂಬುದನ್ನು ಸಿದ್ಧಪಡಿಸಿತು. ಅವರ ಕೀರ್ತಿ ಹೆಚ್ಚಾಗಿ ನಿಂತಿರುವುದು ಇದರ ಮೇಲೆ. ಆದರೆ ಅವರು ಸಂಬಳ ಪಡೆದು ಮಾಡಿದ ಕೆಲಸ ಬೇರೆ: ಊರಿಂದೂರಿಗೆ ಸುತ್ತಿ, ಯಾವ ನೆಲದಲ್ಲಿ ಯಾವ ಕಲ್ಲಿದೆಯೆಂದು ನಕ್ಷೆ ಬರೆಯುವುದು.

ಆ ಕೆಲಸವೇ ಅವರನ್ನು ನಮ್ಮ ಸೀಮೆಗೆ ಕರೆತಂದಿತು. ಆಗಿನ ರಾಜಕೀಯ ನಕ್ಷೆ ಹರಕು ಮುರುಕಾಗಿತ್ತು. ಗದಗ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದರೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಕಲ್ಲಿಗೆ ಈ ಗಡಿಗಳ ಹಂಗಿಲ್ಲ. ಡಂಬಳದ ಬೆಟ್ಟಗಳ ಚಿನ್ನವುಳ್ಳ ಶಿಲೆಗಳನ್ನು ಕುರಿತ ಫೂಟ್ ಅವರ ಲೇಖನ 1874ರಲ್ಲಿ ಇಲಾಖೆಯ ಸಂಪುಟದಲ್ಲಿ ಪ್ರಕಟವಾಯಿತು. ಇಲ್ಲಿ ಚಿನ್ನವಿದೆಯೆಂದು ಅವರಿಗಿಂತ ಮುಂಚೆ ಕ್ಯಾಪ್ಟನ್ ನ್ಯೂಬೋಲ್ಡ್ ಮೊದಲಾದವರೂ ಬರೆದಿದ್ದರು. ಫೂಟ್ ಅವರು ಕೇಳಿದ ಪ್ರಶ್ನೆ ಇನ್ನೂ ಆಳದ್ದು: ಹಳ್ಳದ ಚಿನ್ನ ಯಾವ ಕಲ್ಲಿನಿಂದ ಬಂದುದು? ಬೆಟ್ಟದ ಶಿಲೆಗಳನ್ನು ಅವರು ಡೋಣಿ, ಕಪ್ಪತ್ತಗುಡ್ಡ, ಸೊರಟೂರು ಎಂದು ಊರ ಹೆಸರುಗಳಿಂದಲೇ ವಿಂಗಡಿಸಿದರು. ಚಿನ್ನದ ಹಳ್ಳಗಳು ಸೊರಟೂರಿನ ಕಡೆಯ ಹಸಿರುಗಪ್ಪು ಶಿಲೆಗಳಲ್ಲಿ ಹುಟ್ಟುವುದನ್ನು ಗುರುತಿಸಿದರು. ಜಲಗಾರನು ಹಳ್ಳದ ತಳದಲ್ಲಿ ಕಂಡುಕೊಂಡಿದ್ದ ಸತ್ಯದ ಮೂಲವನ್ನು ವಿಜ್ಞಾನಿಯು ಬೆಟ್ಟದ ಮೈಯಲ್ಲಿ ಹುಡುಕಿದನೆಂದರೆ ತಪ್ಪಾಗದು.

ಆ ಕಲ್ಲು ಬಹು ಹಳೆಯದು. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ ಲಾವಾರಸವೂ ಕೆಸರೂ ಪದರಪದರವಾಗಿ ಕೂಡಿ, ಭೂಮಿಯ ಒತ್ತಡಕ್ಕೆ ಸಿಕ್ಕಿ ಮಡಿಚಿಕೊಂಡವು. ಬಿರುಕುಗಳ ಮೂಲಕ ಮೇಲೇರಿದ ಬಿಸಿ ದ್ರವಗಳು ತಮ್ಮಲ್ಲಿ ಕರಗಿದ್ದ ಚಿನ್ನವನ್ನು ಬಿಳಿಗಲ್ಲಿನ ಎಳೆಗಳೊಡನೆ ಅಲ್ಲಿ ಬಿಟ್ಟುಹೋದವು. ಅನಂತರ ಮಳೆ ಗಾಳಿಗಳು ಬೆಟ್ಟವನ್ನು ಸವೆಸಿ, ಕಣಕಣವಾಗಿ ಹಳ್ಳಕ್ಕೆ ಇಳಿಸಿದವು.

ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತ ಫೂಟ್ ಅವರ ದೊಡ್ಡ ಗ್ರಂಥ 1876ರಲ್ಲಿ ಹೊರಬಂದಿತು. 1880ರ ದಶಕದಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ನಮ್ಮ ಈ ಶಿಲೆಗಳೂ ದೂರದ ಕೋಲಾರದ ಶಿಲೆಗಳೂ ಒಂದೇ ಕುಲದವೆಂದು ಕಂಡು, ಆ ಕುಲಕ್ಕೆ ಧಾರವಾಡದ ಹೆಸರನ್ನಿಟ್ಟರು. ದಕ್ಷಿಣ ಭಾರತದ ಚಿನ್ನಕ್ಕೆ ಮುಖ್ಯ ನೆಲೆ ಇದೇ ಎಂದು ಸಾರಿದರು. ಭೂವಿಜ್ಞಾನದ ಪುಸ್ತಕಗಳಲ್ಲಿ ಇಂದಿಗೂ ಧಾರವಾಡವೆಂಬ ಮಾತು ಉಳಿದುಬಂದಿದೆ.

ಆದರೆ ಒಂದೇ ಕುಲದ ಕಲ್ಲೆಂದ ಮಾತ್ರಕ್ಕೆ ಸಂಪತ್ತೂ ಸಮವೆಂದು ತಿಳಿಯಲಾಗದು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚುವವರೆಗೆ ಸುಮಾರು 800 ಟನ್ ಚಿನ್ನವನ್ನು ಕೊಟ್ಟವು. ಕಪ್ಪತ್ತಗುಡ್ಡದಲ್ಲಿ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಕಂಪನಿಗಳು ಬಂಡವಾಳ ತಂದು, ಹೊಸೂರು, ಕಬಲಾಯತಕಟ್ಟಿಗಳ ಸುತ್ತ ಬಾವಿ ತೋಡಿ, ಕೆಲವೇ ವರ್ಷಗಳಲ್ಲಿ ಕೆಲಸ ನಿಲ್ಲಿಸಿ ಹೊರಟುಹೋದವು. ಚಿನ್ನ ಇದೆ ಎನ್ನುವುದು ಒಂದು ಮಾತು. ಅದನ್ನು ತೆಗೆದರೆ ಕೈಗೂಡೀತೆ ಎನ್ನುವುದು ಇನ್ನೊಂದು ಮಾತು. ಮೊದಲನೆಯದಕ್ಕೆ ಸುತ್ತಿಗೆಯ ಏಟು ಸಾಕು. ಎರಡನೆಯದಕ್ಕೆ ಲೆಕ್ಕ ಬೇಕು, ತಾಳ್ಮೆಯೂ ಬೇಕು.

ಫೂಟ್ ಅವರು 1891ರಲ್ಲಿ ಸರ್ವೇಕ್ಷಣಾ ಇಲಾಖೆಯಿಂದ ನಿವೃತ್ತರಾದರು. ಆಮೇಲೆ ಬರೋಡೆಯಲ್ಲಿ ಸೇವೆ ಸಲ್ಲಿಸಿದರು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲಿ ಸ್ಥಾಪಿತವಾದಾಗ ಅದಕ್ಕೆ ತಳಹದಿ ಹಾಕಿದರು. ಆಯುಷ್ಯವೆಲ್ಲ ಕೂಡಿಸಿದ ಶಿಲಾಯುಧಗಳ ಸಂಗ್ರಹ 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಸೇರಿತು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅವರು ತೀರಿಕೊಂಡರು.

ಕಪ್ಪತ್ತಗುಡ್ಡದ ಪ್ರಶ್ನೆ ಅವರೊಡನೆ ಮುಗಿಯಲಿಲ್ಲ. ರಾಜ್ಯ ಸರಕಾರವು 2015ರಲ್ಲಿ ಈ ಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಸಾರಿ, ಮರುವರ್ಷ ಆ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಜನರು ಬೀದಿಗಿಳಿದ ಮೇಲೆ 2017ರಲ್ಲಿ ಅದು ಮರಳಿ ಜಾರಿಗೆ ಬಂದಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರು ಪ್ರದೇಶ ವನ್ಯಜೀವಿಧಾಮವಾಯಿತು. ಒಡಲಲ್ಲಿರುವ ಚಿನ್ನ ಒಂದು ಕಡೆ; ಮೈಮೇಲಿನ ಗಿಡಮೂಲಿಕೆ, ಕೆರೆಹಳ್ಳಗಳಿಗಿಳಿಯುವ ನೀರು ಇನ್ನೊಂದು ಕಡೆ. ಇವೆರಡರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕೆಂಬುದನ್ನು ಕಲ್ಲು ಹೇಳುವುದಿಲ್ಲ, ಕಲ್ಲನ್ನೋದಿದ ವಿಜ್ಞಾನಿಯೂ ಹೇಳಲಾರ. ಒಳಗೇನಿದೆ, ಅದು ಹೇಗೆ ಬಂತು ಎಂಬುದನ್ನು ಉಳ್ಳದ್ದು ಉಳ್ಳಂತೆ ತಿಳಿಸುವುದಷ್ಟೇ ಅವನ ಧರ್ಮ. ಹಳ್ಳದ ಮರಳನ್ನು ತೊಳೆದ ಹೆಸರಿಲ್ಲದ ಜಲಗಾರನೂ, ಹೆಸರುವಾಸಿಯಾದ ಫೂಟ್ ಅವರೂ ತಮ್ಮ ತಮ್ಮ ಪಾಲಿನ ಆ ಧರ್ಮವನ್ನು ನಡೆಸಿ ಹೋದರು. ಅದನ್ನು ಅರಿತು ನಿರ್ಣಯಿಸುವ ಭಾರ ಈ ಗುಡ್ಡದ ನೆರಳಿನಲ್ಲಿ ಬಾಳುವವರ ಮೇಲಿದೆ.